ಗಾಳಿ ನೋಡುವ ಲ್ಯಾನ್ಸಿ

ಸಿಡ್ನಿಯ ಬಾಟನಿ ಬೇ ದಂಡೆಯಲ್ಲಿ ಒಂದು ಸಣ್ಣ ಬೀಚು. ಅದರ ಪಕ್ಕದಿಂದಲೇ ವಿಮಾನ ನಿಲ್ದಾಣದ ರನ್‌ವೇ ನೀರಿನೊಳಕ್ಕೆ ಚಾಚಿಕೊಂಡಿದೆ. ಉತ್ತರದ ಗಾಳಿ ಬೀಸುವ ದಿನ ವಿಮಾನಗಳು ಸಮುದ್ರದ ಕಡೆಯಿಂದ ಚಕ್ರ ಇಳಿಬಿಟ್ಟುಕೊಂಡು ಬರುತ್ತವೆ. ಎಷ್ಟು ಕೆಳಗೆ ಎಂದರೆ ಮೊದಲ ಸಲ ಬಂದವರು ತಮಗೆ ಗೊತ್ತಿಲ್ಲದೆ ತಲೆ ತಗ್ಗಿಸುತ್ತಾರೆ. ಟೂರಿಸ್ಟುಗಳು ಕಿರುಚುತ್ತಾ ಫೋನು ಎತ್ತುತ್ತಾರೆ, ಹಾರಿಹೋದ ಟೋಪಿಯ ಹಿಂದೆ ಓಡುತ್ತಾರೆ. ಈ ಗಲಾಟೆಯ ನಡುವೆ ತಲೆಯನ್ನೂ ತಗ್ಗಿಸದೆ, ಫೋನನ್ನೂ ಎತ್ತದೆ, ಪ್ಯಾಂಟಿನ ಜೇಬಿನಲ್ಲಿ ಕೈಯಿಟ್ಟು ನೀರಿನ ಅಂಚಿಗೆ ನಿಂತಿರುವ ಕುಳ್ಳಗಿನ ಮನುಷ್ಯನೊಬ್ಬ ಕಂಡರೆ ಅವನೇ ಲ್ಯಾನ್ಸ್‌ಲೊಟ್ ಮಥಾಯಸ್. ಹುಟ್ಟಿದ್ದು ಮಂಗಳೂರಿನ ಬಜ್ಪೆ, ವಯಸ್ಸು ಐವತ್ತೆಂಟು, ಕೆಲಸ ಸಿಟಿ ಬಸ್ ಓಡಿಸುವುದು, ಮನೆ ರಾಕ್‌ಡೇಲ್. ಪರಿಚಯದವರಿಗೆಲ್ಲ ಲ್ಯಾನ್ಸಿ ಅಂಕಲ್.

ವಿಮಾನ ಇಳಿಯುವುದು ಗಾಳಿಗೆ ಎದುರಾಗಿ. ಇದು ಲ್ಯಾನ್ಸಿಯ ಪಾಲಿಗೆ ಬೈಬಲಿನ ಹತ್ತು ಕಟ್ಟಳೆಗಳ ಜೊತೆಗಿನ ಹನ್ನೊಂದನೆಯದು. ಉತ್ತರದ ಗಾಳಿ ಇದ್ದರೆ ಬೀಚಿನ ಮೇಲಿಂದ ಇಳಿಯುತ್ತವೆ. ಸಿಡ್ನಿಯವರು ಸದರ್ಲಿ ಎನ್ನುವ ದಕ್ಷಿಣದ ಗಾಳಿ ನುಗ್ಗಿತೋ, ಎಲ್ಲ ತಿರುಗುಮುರುಗು: ಇಳಿಯುವವು ಊರಿನ ಕಡೆಯಿಂದ ಬರುತ್ತವೆ, ಬೀಚಿನಲ್ಲಿ ನಿಂತವರಿಗೆ ಏರಿಹೋಗುವ ವಿಮಾನಗಳ ಹಿಂಭಾಗವಷ್ಟೇ ದರ್ಶನ. ಗಾಳಿ ಯಾವಾಗ ತಿರುಗುತ್ತದೆ ಎಂದು ಹೇಳಲು ಫೋನಿನಲ್ಲಿ ಹತ್ತಾರು ಆ್ಯಪುಗಳಿವೆ. ಲ್ಯಾನ್ಸಿ ನೋಡುವುದು ಸೀಗಲ್ ಹಕ್ಕಿಗಳನ್ನು. ಅವು ಮರಳಿನ ಮೇಲೆ ಯಾವಾಗಲೂ ಗಾಳಿಗೆ ಮುಖ ಕೊಟ್ಟು ನಿಲ್ಲುತ್ತವೆ. ಅವು ಚಡಪಡಿಸಿ ಜಾಗ ಬದಲಿಸಲು ಶುರುಮಾಡಿದರೆ ಅವನಿಗೆ ಸಾಕು. ಒಮ್ಮೆ ಮೈಸೂರಿನ ಭಾಸ್ಕರ ಊರಿನಿಂದ ಬಂದ ತಾಯಿ ಅನಸೂಯಮ್ಮನವರನ್ನು ಕರೆದುಕೊಂಡು ಬಂದು, ಆ್ಯಪ್ ನೋಡಿ, ಇವತ್ತು ಏನೂ ಇಲ್ಲ ಎಂದು ಕಾರು ಹತ್ತಿದ್ದ. ಲ್ಯಾನ್ಸಿ ಹಕ್ಕಿಗಳನ್ನು ನೋಡಿ, "ಹತ್ತು ನಿಮಿಷ ಕೂತ್ಕೊಳ್ಳಿ ಮಾರಾಯ್ರೆ" ಎಂದ. ಒಂಬತ್ತನೆಯ ನಿಮಿಷಕ್ಕೆ ಎರಡಂತಸ್ತಿನ ವಿಮಾನವೊಂದು ಬಂದು ಅನಸೂಯಮ್ಮ ಸೆರಗು ಹಿಡಿದುಕೊಂಡು ರಾಮ ರಾಮ ಎಂದರು. ಅಂದಿನಿಂದ ಸಿಡ್ನಿಯ ಕನ್ನಡದವರಲ್ಲಿ ಒಂದು ರೂಢಿಯೇ ಆಯಿತು. ಊರಿನಿಂದ ಅಪ್ಪ ಅಮ್ಮ ಬಂದರೆ ಒಂದು ದಿನ ಆಪೆರಾ ಹೌಸ್, ಒಂದು ದಿನ ಪೆಂಡಲ್ ಹಿಲ್‌ನಲ್ಲಿ ದೋಸೆ, ಒಂದು ಶನಿವಾರ ಲ್ಯಾನ್ಸಿ ಅಂಕಲ್ ಬೀಚು.

ಇಷ್ಟೆಲ್ಲ ಹೆಸರಿದ್ದರೂ ಒಬ್ಬಳು ಮಾತ್ರ ಆ ಬೀಚಿಗೆ ಬರುತ್ತಿರಲಿಲ್ಲ. ಅವಳು ಬ್ರಿಜಿಟ್, ಅವನ ಹೆಂಡತಿ.

ಮದುವೆಯಾದ ಇಪ್ಪತ್ತನೆಯ ದಿನ ಲ್ಯಾನ್ಸಿ ಬಹ್ರೈನಿಗೆ ಹೋದವನು. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಹದಿನಾಲ್ಕು ವರ್ಷ ವಿಮಾನದ ಹೊಟ್ಟೆಗೆ ಸಾಮಾನು ತುಂಬಿದ, ಹೊಟ್ಟೆಯಿಂದ ಸಾಮಾನು ಇಳಿಸಿದ. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದ. ಮಗ ಡಿಕ್ಸನ್ ಅಪ್ಪನನ್ನು ಮೊದಲು ಗುರುತಿಸಿದ್ದು ಗೋಡೆಯ ಮೇಲಿನ ಫೋಟೊದಲ್ಲಿ. ಬಳಿಕ ಮೂವರೂ ಆಸ್ಟ್ರೇಲಿಯಕ್ಕೆ ಬಂದರು. ಮೊದಲು ಮೆಲ್ಬರ್ನಿನ ವೆರಿಬೀಯಲ್ಲಿ ಬಾಡಿಗೆ ಮನೆ; ಆಮೇಲೆ ಬ್ರಿಜಿಟ್‌ಗೆ ಸಿಡ್ನಿಯ ಒಂದು ನರ್ಸಿಂಗ್ ಹೋಮಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ. ಮಗ ದೊಡ್ಡವನಾಗಿ ಮತ್ತೆ ಮೆಲ್ಬರ್ನಿಗೇ ಹೋಗಿ ಪಾಯಿಂಟ್ ಕುಕ್‌ನಲ್ಲಿ ಮನೆ ಮಾಡಿಕೊಂಡ. ಹಾಗಾಗಿ ರಾಕ್‌ಡೇಲಿನ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಕೊಂಕಣಿಯಲ್ಲಿ ದಿನಕ್ಕೆ ಇಪ್ಪತ್ತು ಮಾತು ಆದರೆ ಹೆಚ್ಚು. ಸಾರಿಗೆ ಉಪ್ಪು ಸಾಕಾ, ನಾಳೆ ಯಾವ ಶಿಫ್ಟು, ಕಸದ ಡಬ್ಬಿ ಹೊರಗಿಟ್ಟದ್ದಾಯಿತಾ.

ಅವನು ಕರೆದಿರಲಿಲ್ಲವೆಂದಲ್ಲ. ಅವನು ಬೀಚಿಗೆ ಹೋಗತೊಡಗಿದ ಹನ್ನೆರಡು ವರ್ಷದಲ್ಲಿ ಒಮ್ಮೆ ಬಂದಿದ್ದಳು ಕೂಡ. ಬಂದವಳು ಕಾರಿನಿಂದ ಇಳಿಯಲಿಲ್ಲ. ಗಾಜು ಏರಿಸಿ ಕೂತು, ತೊಡೆಯ ಮೇಲೆ ಪೇಪರು ಹಾಸಿ, ಅರ್ಧ ಕಿಲೊ ಬೀನ್ಸಿನ ನಾರು ತೆಗೆದಳು. "ನೋಡ್ಲಿಕ್ಕೆ ಎಂತ ಉಂಟು? ಬರ್ತದೆ, ಇಳೀತದೆ. ಬಸ್ಸಿನ ಹಾಗೇ ಅಲ್ವಾ?" ಎಂದಳು. ವಿಮಾನವನ್ನು ಬಸ್ಸು ಎಂದದ್ದು ಬಸ್ ಡ್ರೈವರನಿಗೆ ಎಷ್ಟು ನಾಟಬೇಕೋ ಅಷ್ಟು ನಾಟಿತು. ಅವನು ಮತ್ತೆ ಕರೆಯಲಿಲ್ಲ. ಆದರೆ ಪ್ರತಿ ಶನಿವಾರ ಬೂಟು ಹಾಕಿಕೊಳ್ಳುವಾಗ ಬೇಕಂತಲೇ ಐದು ನಿಮಿಷ ತಡಮಾಡುತ್ತಿದ್ದ. ಅವಳು ನಾನೂ ಬರುತ್ತೇನೆ ಎನ್ನಬಹುದು ಎಂಬ ಆಸೆ ಆ ಐದು ನಿಮಿಷದಲ್ಲಿತ್ತು.

ಹೀಗಿರುವಾಗ ಪಾಯಿಂಟ್ ಕುಕ್‌ನಿಂದ ಡಿಕ್ಸನ್ ಫೋನು ಮಾಡಿದ. "ಪಪ್ಪಾ, ನಮ್ ನೈಬರ್ ಸುಘೋಷ್ ಅಂತ, ಸಿಡ್ನಿಗೆ ಶಿಫ್ಟ್ ಆಗ್ತಿದ್ದಾನೆ. ಹೀ ಲವ್ಸ್ ಪ್ಲೇನ್ಸ್. ಒಮ್ಮೆ ನಿಮ್ಮ ಬೀಚ್ ತೋರಿಸಿ." ಮಗ ಹೇಳಿದನಲ್ಲ ಎಂಬ ಖುಷಿಗೆ ಲ್ಯಾನ್ಸಿ ತಾನೇ ಕಾರು ತೆಗೆದುಕೊಂಡು ಹೋಗಿ ಸುಘೋಷನನ್ನು ಕರೆತಂದ. ಮಾರಿಯನ್ನು ಹೀಗೆ ಮನೆಗೆ ಕರೆತಂದವರು ಅವನಿಗಿಂತ ಮೊದಲೂ ಇದ್ದಾರೆ, ಮುಂದೆಯೂ ಇರುತ್ತಾರೆ.

ಸುಘೋಷನಿಗೆ ಮೂವತ್ತನಾಲ್ಕು. ಬೆಂಗಳೂರಿನವನು, ಐಟಿ, ಬಾಯಿ ತೆರೆದರೆ ಗೈಸ್. ಮೊದಲ ದಿನವೇ, "ಅಂಕಲ್, ಮೆಲ್ಬರ್ನಲ್ಲಿ ರೋಡ್ ಪಕ್ಕ ಕಾರ್ ನಿಲ್ಸಿ ಬೇಲಿ ಮೇಲಿಂದ ನೋಡ್ಬೇಕು. ಪಾಯಿಂಟ್ ಕುಕ್ ಬೀಚಲ್ಲಿ ಬರೋದು ಪುಟಾಣಿ ಟ್ರೈನಿಂಗ್ ಪ್ಲೇನು, ಸೊಳ್ಳೆ ಥರ. ಇದು ನೋಡಿ, ಇದು ಸ್ವರ್ಗ" ಎಂದು ಕೈಮುಗಿದ. ಆಗ ಲ್ಯಾನ್ಸಿಗೆ ಹುಡುಗ ಹಿಡಿಸಿದ. ಎರಡನೆಯ ವಾರ ಸುಘೋಷ ಮಡಚುವ ಕುರ್ಚಿಗಳನ್ನು ತಂದ. ಮೂರನೆಯ ವಾರ ಕ್ಯಾಮೆರಾ, ಅದಕ್ಕೊಂದು ಮುಕ್ಕಾಲಿ. ನಾಲ್ಕನೆಯ ವಾರ ವಾಟ್ಸ್ಯಾಪಿನಲ್ಲಿ ಬೀಚಿನ ಗುಂಪು ಕಟ್ಟಿದ, ಯೂಟ್ಯೂಬಿನಲ್ಲಿ ಚಾನೆಲ್ ತೆರೆದ. ಒಂದು ದಿನ ಕ್ಯಾಮೆರಾವನ್ನು ಲ್ಯಾನ್ಸಿಯ ಮುಖಕ್ಕೆ ತಿರುಗಿಸಿ ಬಹ್ರೈನಿನ ಸುದ್ದಿ ಕೇಳಿದ. ಲ್ಯಾನ್ಸಿ ನಿಂತಲ್ಲೇ ಏನೇನೋ ಹೇಳಿದ, ಜನ ನಕ್ಕರು, ಅಷ್ಟಕ್ಕೆ ಮರೆತ. ಆ ವಿಡಿಯೋವನ್ನು ಅವನು ನೋಡಲಿಲ್ಲ. ಅಷ್ಟರೊಳಗೆ ಹೊಟ್ಟೆಕಿಚ್ಚು ಶುರುವಾಗಿತ್ತು; ನೋಡಿದರೆ ಸುಘೋಷನಿಗೆ ಒಂದು ವ್ಯೂ ಹೆಚ್ಚಾಗುತ್ತದಲ್ಲ ಎಂಬ ಸಂಕಟ.

ಹೊಟ್ಟೆಕಿಚ್ಚು ಬಂದದ್ದು ಹೀಗೆ. ಮೊದಲು ಜನ ಲ್ಯಾನ್ಸಿಯ ಸುತ್ತ ನಿಲ್ಲುತ್ತಿದ್ದರು. ಈಗ ಕುರ್ಚಿ ಇರುವ ಕಡೆ ಕೂರುತ್ತಾರೆ. ಮೊದಲು "ಅಂಕಲ್, ಇದು ಯಾವುದು?" ಎಂದು ಕೇಳುತ್ತಿದ್ದರು. ಈಗ ಸುಘೋಷನ ಫೋನು ಕೇಳುವ ಮೊದಲೇ ಹೇಳುತ್ತದೆ. ಭಾಸ್ಕರನಂಥ ಭಾಸ್ಕರನೂ ಕುರ್ಚಿಗೆ ಹೋದ. ಇದನ್ನೆಲ್ಲ ಲ್ಯಾನ್ಸಿ ಹೇಗೋ ನುಂಗಿಕೊಳ್ಳುತ್ತಿದ್ದ. ಆದರೆ ಮುಂದಿನ ಶನಿವಾರ ಅವನು ಬೂಟು ಹಾಕಿಕೊಳ್ಳುವಾಗ ಬ್ರಿಜಿಟ್ ಸ್ಟೀಲಿನ ದೊಡ್ಡ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ನಾನೂ ಬರ್ತೇನೆ. ಗೋಳಿಬಜೆ ಮಾಡಿದ್ದೇನೆ, ಆ ಸುಘೋಷನಿಗೆಲ್ಲ."

ಹನ್ನೆರಡು ವರ್ಷ ಕಾದ ಮಾತು ಕೊನೆಗೂ ಬಂತು. ಬಂದದ್ದು ಸುಘೋಷನ ಹೆಸರು ಕಟ್ಟಿಕೊಂಡು.

ಬೀಚಿನಲ್ಲಿ ಸುಘೋಷ ಓಡಿಬಂದು ಕುರ್ಚಿ ಬಿಡಿಸಿದ. "ಬನ್ನಿ ಆಂಟಿ, ವಿಐಪಿ ಸೀಟು." ಬ್ರಿಜಿಟ್ ಕೂತಳು. ಗಾಜಿಲ್ಲ, ಬೀನ್ಸಿಲ್ಲ. ವಿಮಾನ ಬಂದಾಗ ಕಿವಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಅವಳೂ ಸುಘೋಷನೂ ಒಂದೇ ಫೋನಿಗೆ ತಲೆ ಬಗ್ಗಿಸಿ ಏನನ್ನೋ ನೋಡುತ್ತಾ ಮತ್ತೆ ಮತ್ತೆ ನಕ್ಕರು. ಹತ್ತು ಹೆಜ್ಜೆ ದೂರದಲ್ಲಿ ನೀರಿನ ಅಂಚಿಗೆ ನಿಂತ ಲ್ಯಾನ್ಸಿ ಹಕ್ಕಿ ನೋಡುವ ನೆಪದಲ್ಲಿ ಹೆಂಡತಿಯನ್ನು ನೋಡಿದ. ಆ ದಿನ ಅವಳು ಏಳು ಸಲ ನಕ್ಕಳು. ಮನೆಯಲ್ಲಿ ಏಳು ನಗು ಕೂಡಬೇಕಾದರೆ ಒಂದು ಕ್ರಿಸ್‌ಮಸ್‌ನಿಂದ ಇನ್ನೊಂದು ಕ್ರಿಸ್‌ಮಸ್ ಬರಬೇಕು. ಅವನ ಎದೆಯೊಳಗೆ ಹಸಿ ಮೆಣಸು ಅರೆದ ಹಾಗಾಯಿತು. ಹುಡುಗ ಅವಳ ಮಗನ ವಯಸ್ಸಿನವನು, ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಕೆಟ್ಟ ಅನುಮಾನ ಒಂದಿಷ್ಟೂ ಇರಲಿಲ್ಲ. ಇದ್ದದ್ದು ಒಂದೇ ಪ್ರಶ್ನೆ: ನಾನು ಕರೆದಾಗ ಬಸ್ಸು, ಇವನು ಕರೆದಾಗ ವಿಮಾನವೇ?

ಮೂರು ಶನಿವಾರ ಹೀಗೇ ನಡೆಯಿತು. ಗೋಳಿಬಜೆಯ ಮೇಲೆ ಪತ್ರೊಡೆ ಬಂತು, ಪತ್ರೊಡೆಯ ಮೇಲೆ ಸಣ್ಣ ಎನ್ನುವ ಕೊಂಕಣಿ ಇಡ್ಲಿ ಬಂತು. ಎಲ್ಲ ಕುರ್ಚಿಯವರಿಗೆ.

ಆಗ ಜಂಬೋದ ಸುದ್ದಿ ತಿಳಿಯಿತು. ನಾಲ್ಕು ಇಂಜಿನಿನ, ಗೂನು ಬೆನ್ನಿನ ಹಳೆಯ ಜಂಬೋ ಜೆಟ್, ಈಗ ಬರೀ ಸಾಮಾನು ಸಾಗಿಸುವ ಮುದಿ ವಿಮಾನ, ಶನಿವಾರ ಮಧ್ಯಾಹ್ನ ಒಂದಕ್ಕೆ ಸಿಡ್ನಿಯಲ್ಲಿ ಕೊನೆಯ ಸಲ ಇಳಿಯುತ್ತದೆ. ಆಮೇಲೆ ಅದು ಗುಜರಿಗೆ. ಬಹ್ರೈನಿನಲ್ಲಿ ಲ್ಯಾನ್ಸಿ ತುಂಬಿಸಿದ್ದು ಇಂಥ ಜಂಬೋಗಳನ್ನೇ. ಯೌವನವನ್ನೆಲ್ಲ ಅವುಗಳ ಹೊಟ್ಟೆಯಲ್ಲಿ ಬೆವರಿ ಕಳೆದವನು. ಗುರುವಾರ ಊಟಕ್ಕೆ ಕೂತಾಗ ಹೇಳಿದ, "ಶನಿವಾರ ಜಂಬೋ ಬರ್ತದೆ. ಒಂದು ಗಂಟೆಗೆ. ಬೀಚಿಗೆ ಬಾ."

"ಬರುವ," ಎಂದಳು ಬ್ರಿಜಿಟ್. "ಹನ್ನೊಂದರವರೆಗೆ ಚರ್ಚಿನಲ್ಲಿ ಹೂ ಕಟ್ಟುವ ಕೆಲಸ ಉಂಟು. ಅಲ್ಲಿಂದಲೇ ಬರ್ತೇನೆ."

ಜಂಬೋ ಇಳಿಯುವಾಗ ಬ್ರಿಜಿಟ್ ತನ್ನ ಪಕ್ಕದಲ್ಲಿ ನಿಂತಿರಬೇಕು. ಕುರ್ಚಿಯಲ್ಲಲ್ಲ, ಸುಘೋಷನ ಫೋನಿನ ಮುಂದಲ್ಲ. ಅದೊಂದೇ ಅವನಿಗೆ ಬೇಕಿದ್ದದ್ದು. ಶುಕ್ರವಾರವಿಡೀ ಬಸ್ಸು ಓಡಿಸುತ್ತಾ ಅದನ್ನೇ ಯೋಚಿಸಿ, ಒಂದು ಸ್ಟಾಪಿನಲ್ಲಿ ಕೈ ತೋರಿಸಿದ ಹೆಂಗಸೊಬ್ಬಳನ್ನು ಬಿಟ್ಟೇ ಹೋಗಿ ಬೈಸಿಕೊಂಡ.

ಶನಿವಾರ ಬೆಳಿಗ್ಗೆ ಬ್ರಿಜಿಟ್ ಚರ್ಚಿಗೆ ಹೋದಮೇಲೆ ಲ್ಯಾನ್ಸಿ ಕಿಟಕಿಯಿಂದ ಹೊರಗೆ ನೋಡಿದ. ಉತ್ತರದ ಗಾಳಿ ಗಟ್ಟಿಯಾಗಿ ಬೀಸುತ್ತಿತ್ತು. ಸಂಜೆಯವರೆಗೆ ಅದು ಅಲ್ಲಾಡುವ ಪೈಕಿ ಅಲ್ಲ ಎಂದು ಅವನಿಗೆ ಖಚಿತವಾಗಿ ಗೊತ್ತಿತ್ತು. ಗುಂಪಿಗೆ ಬರೆಯುವ ಅಭ್ಯಾಸ ಅವನಿಗಿಲ್ಲ. ಏನಿದ್ದರೂ ಧ್ವನಿಯಲ್ಲೇ ಕಳಿಸುವುದು. ಫೋನನ್ನು ಬಾಯಿಯ ಹತ್ತಿರ ತಂದು ಗಂಟಲು ಸರಿಮಾಡಿಕೊಂಡ.

"ಎಲ್ಲರೂ ಕೇಳಿ. ಇದು ಲ್ಯಾನ್ಸಿ. ಇವತ್ತು ಹನ್ನೆರಡಕ್ಕೆ ಮುಂಚೆ ಸದರ್ಲಿ ಬರ್ತದೆ. ಆ್ಯಪಿನಲ್ಲಿ ರಾತ್ರಿಗೆ ಅಂತ ಉಂಟು, ಅದನ್ನು ನಂಬಬೇಡಿ. ಜಂಬೋ ಊರಿನ ಕಡೆಯಿಂದಲೇ ಇಳೀತದೆ. ಬೀಚಿಗೆ ಬಂದ್ರೆ ಎಂತದೂ ಸಿಕ್ಕುವುದಿಲ್ಲ. ಎಲ್ಲ ಊರಿನ ಕಡೆಯ ಟೆಂಪಿ ಪಾರ್ಕಿಗೆ ಹೋಗಿ."

ಸುಳ್ಳನ್ನು ಅವನು ಇಷ್ಟು ಚೆನ್ನಾಗಿ ಹೇಳಬಲ್ಲ ಎಂದು ಅವನಿಗೇ ಗೊತ್ತಿರಲಿಲ್ಲ. ಎರಡು ನಿಮಿಷದಲ್ಲಿ ಸುಘೋಷನ ಉತ್ತರ ಬಂತು: "ಆ್ಯಪ್ ಏನಾದ್ರೂ ಹೇಳ್ಲಿ, ಅಂಕಲ್ ಹೇಳಿದ್ಮೇಲೆ ಫೈನಲ್. ಗೈಸ್, ಎಲ್ಲ ಟೆಂಪಿ." ಅದರ ಕೆಳಗೆ ಸಾಲುಸಾಲು ಕೈಮುಗಿಯುವ ಚಿತ್ರಗಳು. ಲ್ಯಾನ್ಸಿ ಫೋನನ್ನು ಬೋರಲಾಗಿಟ್ಟು ಗಡ್ಡ ಬೋಳಿಸಿಕೊಂಡ, ಇಸ್ತ್ರಿ ಮಾಡಿದ ಅಂಗಿ ಹಾಕಿದ, ಬೀಚಿಗೆ ಹೊರಟ.

ಬೀಚಿನಲ್ಲಿ ಕುರ್ಚಿಗಳಿಲ್ಲ, ಮುಕ್ಕಾಲಿ ಇಲ್ಲ. ಒಂದಷ್ಟು ಟೂರಿಸ್ಟುಗಳು ಮಾತ್ರ. ಹಕ್ಕಿಗಳೆಲ್ಲ ಉತ್ತರಕ್ಕೆ ಮುಖ ಮಾಡಿ ನಿಂತಿದ್ದವು. ಹಳೆಯ ರಾಜ್ಯ ಮರಳಿ ಸಿಕ್ಕಿದವನ ಹಾಗೆ ಅವನು ಒಂದು ಸುತ್ತು ನಡೆದ. ಬ್ರಿಜಿಟ್ ನಿಲ್ಲಬೇಕಾದ ಜಾಗವನ್ನೂ ಆರಿಸಿದ. ಹನ್ನೊಂದೂವರೆಯ ಬಸ್ಸು ಬಂತು, ಅವಳು ಇಳಿಯಲಿಲ್ಲ. ಹನ್ನೆರಡರದು ಬಂತು. ಹನ್ನೆರಡೂವರೆಯದೂ ಬಂತು. ಹೂವಿನ ಕೆಲಸ ತಡವಾಗಿರಬೇಕು ಎಂದುಕೊಂಡ. ಫೋನು ಮಾಡಿದ, ಅವಳು ಎತ್ತಲಿಲ್ಲ.

ಒಂದು ಗಂಟೆಗೆ ನಾಲ್ಕು ನಿಮಿಷ ಇರುವಾಗ ದಕ್ಷಿಣದಲ್ಲಿ ದೀಪಗಳು ಕಂಡವು. ಮೊದಲು ಗೂನು ಕಾಣಿಸಿತು, ಆಮೇಲೆ ನಾಲ್ಕು ಇಂಜಿನು, ಆಮೇಲೆ ಒಂದೊಂದಾಗಿ ಹದಿನೆಂಟು ಚಕ್ರ. ನೀರಿನ ಮೇಲೆ ಅದರ ನೆರಳು ಅದರ ಬೆನ್ನಿಗೇ ದಡಕ್ಕೆ ಬಂತು. ಕಾಲಡಿಯ ಮರಳು ನಡುಗಿತು. ಹೊಟ್ಟೆಯ ಅಡಿಯಲ್ಲಿ ಸಾಮಾನು ತುಂಬುವ ಬಾಗಿಲಿನ ಗೆರೆ, ಅದರ ಪಕ್ಕದ ಹಿಡಿಕೆಯ ಗುಳಿ, ಎಲ್ಲವೂ ಅವನಿಗೆ ಕಂಡವು. ಆ ಹಿಡಿಕೆಯನ್ನು ಅವನ ಕೈ ಸಾವಿರ ಸಲ ತಿರುಗಿಸಿತ್ತು. ಬಾಯಿಯಿಂದ ಮಾತು ತಾನಾಗಿ ಹೊರಟಿತು: "ನೋಡು, ಅಲ್ಲಿ, ಆ ಬಾಗಿಲು..." ಹೇಳುತ್ತಾ ಎಡಕ್ಕೆ ತಿರುಗಿದ. ಎಡಕ್ಕೆ ಒಬ್ಬ ಚೀನೀ ಟೂರಿಸ್ಟು ಟೋಪಿ ಹಿಡಿದುಕೊಂಡು ನಿಂತಿದ್ದ.

ಆಗ ಫೋನು ಬಡಿದುಕೊಂಡಿತು. ಬ್ರಿಜಿಟ್.

"ಎಲ್ಲಿದ್ದೀರಿ ನೀವು? ಇಲ್ಲಿ ಎಲ್ಲ ಕಾಯ್ತಾ ಇದ್ದಾರೆ. ಒಂದಾದ್ರೂ ಇಳಿಯುವುದಿಲ್ಲ, ಎಲ್ಲ ಬೆನ್ನು ತೋರಿಸಿ ಮೇಲೆ ಹೋಗ್ತಾ ಉಂಟು. ಸುಘೋಷ ಹೇಳ್ತಾನೆ, ಅಂಕಲ್ ಮಾತು ತಪ್ಪುವುದಿಲ್ಲ, ಕಾಯುವ ಅಂತ. ನಿಮಗೆ ಮುಂದಿನ ಕುರ್ಚಿ ಹಿಡಿದಿಟ್ಟಿದ್ದೇನೆ."

ಲ್ಯಾನ್ಸಿಗೆ ಆಗ ಹೊಳೆಯಿತು. ಮೂರು ವಾರದ ಹಿಂದೆ ಸುಘೋಷ ಬ್ರಿಜಿಟ್‌ಳನ್ನೂ ಗುಂಪಿಗೆ ಸೇರಿಸಿದ್ದ. ಅವಳು ಚರ್ಚಿನ ಮೆಟ್ಟಿಲಲ್ಲಿ ನಿಂತು ಗಂಡನ ಧ್ವನಿ ಕೇಳಿದ್ದಾಳೆ. ಕೇಳಿ, ಅವನು ಹೇಳಿದ ಕಡೆಗೆ ನೆಟ್ಟಗೆ ಹೋಗಿದ್ದಾಳೆ. ಅವನು ಬಾಯಿ ತೆರೆಯುವ ಮೊದಲೇ ಇನ್ನೊಂದು ವಿಮಾನ ಬೀಚಿನ ಮೇಲಿಂದ ಇಳಿಯಿತು. ಸದ್ದೆಲ್ಲ ಫೋನಿನೊಳಗೆ ಹೋಯಿತು.

"ಬೀಚಿನಲ್ಲಿದ್ದೀರಿ," ಎಂದಳು ಬ್ರಿಜಿಟ್.

"ಹ್ಞೂಂ."

"ಜಂಬೋ ಬಂತಾ?"

"ಬಂತು."

ಅವಳು ಫೋನು ಇಟ್ಟಳು.

ಟೆಂಪಿಯ ಪಾರ್ಕಿಗೆ ಕಾರಿನಲ್ಲಿ ಹದಿನೈದು ನಿಮಿಷ. ಅಲ್ಲಿ ಮೂವತ್ತು ನಲವತ್ತು ಜನ ಬಿಸಿಲಿಗೆ ಕರಟಿಹೋಗಿ ಕೂತಿದ್ದರು. ಅನಸೂಯಮ್ಮ ಎರಡನೆಯ ಸಲ ಆಸ್ಟ್ರೇಲಿಯಕ್ಕೆ ಬಂದವರು, ಛತ್ರಿ ಹಿಡಿದು ಆಕಾಶ ನೋಡುತ್ತಲೇ ಇದ್ದರು. ಲ್ಯಾನ್ಸಿ ಇಳಿಯುತ್ತಿದ್ದಂತೆ ಸುಘೋಷ ಓಡಿಬಂದ. ಬೈಯುತ್ತಾನೆ ಎಂದುಕೊಂಡರೆ ಹೆಗಲ ಮೇಲೆ ಕೈ ಹಾಕಿದ. "ಅಂಕಲ್, ನೀವು ಬೇಜಾರ್ ಮಾಡ್ಕೋಬೇಡಿ. ಗಾಳಿನೇ ಮೋಸ ಮಾಡ್ಬಿಡ್ತು. ಬನ್ನಿ, ಲೈವ್ ಇದೆ, ಎರಡು ಮಾತು ಹೇಳಿ." ಕ್ಯಾಮೆರಾ ಮುಖಕ್ಕೆ ಬಂತು. ಬ್ರಿಜಿಟ್ ಮುಂದಿನ ಕುರ್ಚಿಯ ಪಕ್ಕದಲ್ಲಿ ನಿಂತಿದ್ದಳು, ಕುರ್ಚಿ ಖಾಲಿ. ಅವಳು ಯಾರಿಗೂ ಏನೂ ಹೇಳಿರಲಿಲ್ಲ.

ಆ ಕೈ ಹೆಗಲ ಮೇಲೆ ಇಲ್ಲದಿದ್ದರೆ ಲ್ಯಾನ್ಸಿ ಗಾಳಿಯ ಮೇಲೆ ಹಾಕಿ ಪಾರಾಗುತ್ತಿದ್ದನೋ ಏನೋ. "ಗಾಳಿ ತಿರುಗುವುದಿಲ್ಲ ಅಂತ ನನಗೆ ಗೊತ್ತಿತ್ತು," ಎಂದ. "ನಾನು ಸುಳ್ಳು ಹೇಳಿದ್ದು. ನಿಮ್ಮನ್ನೆಲ್ಲ ಬೀಚಿನಿಂದ ದೂರ ಇಡ್ಲಿಕ್ಕೆ."

"ಯಾಕೆ ಅಂಕಲ್?"

"ಹೊಟ್ಟೆಕಿಚ್ಚು ಮಾರಾಯ. ನಿನ್ನ ಮೇಲೆ."

ಸುಘೋಷ ಒಂದು ಕ್ಷಣ ನೋಡಿ ಗಹಗಹಿಸಿ ನಕ್ಕ. ಭಾಸ್ಕರ ನಕ್ಕ. ಎಲ್ಲರೂ ನಕ್ಕರು. "ಗೈಸ್, ಅಂಕಲ್ ಟೈಮಿಂಗ್ ನೋಡಿ, ಸೂಪರ್ ಕಾಮಿಡಿ!" ಅನಸೂಯಮ್ಮ, "ಪಾಪ, ನಮ್ಮನ್ನ ನಗಿಸೋಕೆ ಎಷ್ಟು ಒದ್ದಾಡ್ತಾರೆ ನೋಡು" ಎಂದರು. ಜೀವಮಾನದಲ್ಲಿ ಇಷ್ಟು ಜನರ ಮುಂದೆ ಲ್ಯಾನ್ಸಿ ಹೇಳಿದ ಒಂದೇ ಒಂದು ನಿಜವನ್ನು ಯಾರೂ ನಂಬಲಿಲ್ಲ. ನಗದೆ ಇದ್ದವಳು ಬ್ರಿಜಿಟ್ ಒಬ್ಬಳೇ. ಅವಳು ಖಾಲಿ ಕುರ್ಚಿಯನ್ನು ಮಡಚಿ ಸುಘೋಷನ ಕಾರಿಗೆ ಒರಗಿಸಿ, ಡಬ್ಬಿ ಎತ್ತಿಕೊಂಡು ಬಂದು ಗಂಡನ ಕಾರಿನಲ್ಲಿ ಕೂತಳು.

ಕಾರು ಎರಡು ಸಿಗ್ನಲ್ ದಾಟಿತು.

"ಆ ಹುಡುಗನ ಹಿಂದೆ ನಾನು ಬೀಚಿಗೆ ಬಂದದ್ದು ಅಂತ ಎಣಿಸಿದ್ರಾ?" ಎಂದಳು.

"ಮತ್ತೆ ಯಾರ ಹಿಂದೆ? ನಾನು ಕರೆದಾಗ ನೀನು ಬೀನ್ಸ್ ಮುರ್ದವಳು."

ಬ್ರಿಜಿಟ್ ಫೋನು ತೆಗೆದಳು, ಏನನ್ನೋ ಒತ್ತಿದಳು. ಕಾರಿನೊಳಗೆ ಒಬ್ಬ ಗಂಡಸಿನ ಧ್ವನಿ ಕೇಳಿಸಿತು. ಲ್ಯಾನ್ಸಿಗೆ ತನ್ನದೇ ಧ್ವನಿ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆ ಧ್ವನಿ ಆರಾಮಾಗಿ, ರಾಗವಾಗಿ ಕಥೆ ಹೇಳುತ್ತಿತ್ತು. ಬಹ್ರೈನಿನ ಶೇಖ್ ಒಬ್ಬನ ಗಿಡುಗ ಪಂಜರ ಬಿಡಿಸಿಕೊಂಡು ಜಂಬೋದ ಹೊಟ್ಟೆಯೊಳಗೆ ಹಾರಿದ್ದು. ಅದು ಹುಡುಕಿ ಹುಡುಕಿ ತನ್ನ ತಲೆಯ ಮೇಲೆಯೇ ಕೂತದ್ದು. ಶೇಖನ ಆಳು ಬರುವವರೆಗೆ ಅರ್ಧ ಗಂಟೆ ತಾನು ಕಂಬದ ಹಾಗೆ ನಿಂತದ್ದು. ಸುಘೋಷನ ನಗು, ಜನರ ನಗು. ಬ್ರಿಜಿಟ್ ಕೂಡ ಈಗ ಕಾರಿನಲ್ಲಿ ಮೆಲ್ಲಗೆ ನಕ್ಕಳು, ಎಷ್ಟನೆಯ ಸಲ ಕೇಳುತ್ತಿದ್ದಳೋ.

"ಡಿಕ್ಸನ್ ಕಳಿಸಿದ್ದು," ಎಂದಳು. "ಹದಿನಾಲ್ಕು ವರ್ಷ ನೀವು ಅಲ್ಲಿ ಎಂತ ಮಾಡಿದ್ರಿ ಅಂತ ನನಗೆ ಗೊತ್ತೇ ಇರ್ಲಿಲ್ಲ. ಮನೆಯಲ್ಲಿ ನೀವು ಮಾತಾಡುವುದು ಐಎಸ್‌ಡಿ ಕಾಲ್ ಮಾಡಿದ ಹಾಗೆ, ಎಲ್ಲಿ ಕಟ್ ಆಗ್ತದೋ ಅಂತ. ಬೀಚಿಗೆ ಬಂದ್ರೆ ಈ ಮನುಷ್ಯ ಸಿಕ್ತಾನೆ ಅಂತ ಬಂದೆ. ಬಂದ್ರೆ ನೀವು ದೂರ ಹೋಗಿ ಹಕ್ಕಿ ನೋಡ್ತಾ ನಿಲ್ತೀರಿ. ಸುಘೋಷನ ಹತ್ರ ಕೇಳಿ ಕೇಳಿ ಈ ವಿಡಿಯೋವನ್ನೇ ನೋಡುವುದು ನಾನು."

ಫೋನಿನಲ್ಲಿ ಆ ಮನುಷ್ಯ ಮಾತು ಮುಂದುವರಿಸಿದ್ದ. ಬ್ರಿಜಿಟ್ ಕಿಟಕಿಯ ಕಡೆ ಮುಖ ಮಾಡಿ, ಡಬ್ಬಿಯನ್ನು ತೊಡೆಯ ಮೇಲಿಟ್ಟು, ಅವನ ಮಾತನ್ನೇ ಕೇಳುತ್ತಿದ್ದಳು. ಪಕ್ಕದಲ್ಲಿ ಸ್ಟಿಯರಿಂಗ್ ಹಿಡಿದವನ ಕಡೆ ಒಮ್ಮೆಯೂ ತಿರುಗಲಿಲ್ಲ. ಲ್ಯಾನ್ಸಿಗೆ ಆ ಮನುಷ್ಯನ ಮೇಲೆ ಹೊಟ್ಟೆಕಿಚ್ಚಾಯಿತು. ಸುಘೋಷನ ಮೇಲೂ ಅಷ್ಟು ಆಗಿರಲಿಲ್ಲ. ಹೆಂಡತಿಯನ್ನು ನಗಿಸಿದವನು, ಅವಳನ್ನು ಬೀಚಿಗೆ ಎಳೆದು ತಂದವನು, ಮೂರು ಶನಿವಾರ ಅವಳಿಂದ ಡಬ್ಬಿ ತುಂಬಿಸಿದವನು ಇವನೇ. ರಾಕ್‌ಡೇಲಿನ ತಿರುವು ಬಂತು. ಅವನು ಗಂಟಲು ಸರಿಮಾಡಿಕೊಂಡ.

"ಅವನು ಅಲ್ಲಿ ಒಂದು ವಿಷಯ ಹೇಳ್ಲಿಲ್ಲ," ಎಂದ.

ಬ್ರಿಜಿಟ್ ವಿಡಿಯೋ ನಿಲ್ಲಿಸಿದಳು. "ಎಂತ?"